ಮನವರಿಕೆ ಆಮೇಲೆ, ಮೊದಲು ಪಂದ್ಯ ಬದಲಾಗುವ ಇಪ್ಪತ್ತು ನಿಮಿಷ ಎಣಿಸಿ

ಬಡಾವಣೆಯ ಪಕ್ಕ ಹೊಸ ಕ್ರೀಡಾ ಪಾರ್ಕು ಬರುತ್ತಿದೆ, ಅಕ್ಕಪಕ್ಕದವರು ಟ್ರಾಫಿಕ್ಕಿಗೆ ಹೆದರಿ ವಿರೋಧಿಸುತ್ತಿದ್ದಾರೆ, ಅವರಿಗೆ ಮನವರಿಕೆ ಮಾಡುವುದು ಹೇಗೆ, ಎರಡು ಸ್ಪೀಡ್ ಬ್ರೇಕರ್ ಹಾಕಿಸಿದರೆ ಸಾಕೇ ಎಂದು ಕೇಳಿದ್ದೀರಿ. ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ನಾನೂ ಇಂಥದ್ದೇ ಸಭೆಯೊಂದಕ್ಕೆ ಹೋಗಿದ್ದೆ. ಕೈಯಲ್ಲಿ ಒಂದು ಹಾಳೆ, ಹಾಳೆಯಲ್ಲಿ ಒಂದೇ ಅಂಕಿ: ಗೇಟಿನಲ್ಲಿ ನಿಮಿಷಕ್ಕೆ ಒಂದು ವಾಹನ. ಅಂಕಿ ಸುಳ್ಳಲ್ಲ, ಕೆಲಸಕ್ಕೆ ಬಾರದ್ದು. ನನ್ನ ತಪ್ಪು ಅದೊಂದೇ, ಆದರೆ ಅದನ್ನು ಬಿಡಿಸಿ ಹೇಳದಿದ್ದರೆ ನೀವೂ ಅದೇ ಹಾಳೆ ಹಿಡಿದು ಹೋಗುತ್ತೀರಿ.

ಮೂರು ಮೈದಾನ. ಒಂದೊಂದು ಪಂದ್ಯಕ್ಕೆ ಎರಡು ತಂಡ, ತರಬೇತುದಾರರು, ರೆಫರಿ, ಎಲ್ಲ ಸೇರಿ ಸುಮಾರು 20 ವಾಹನ. ಅಂದರೆ ಒಂದು ಸುತ್ತಿಗೆ 60. ಒಳಗೆ ಬಂದದ್ದು ಹೊರಗೂ ಹೋಗಬೇಕು, ಹಾಗಾಗಿ ಗೇಟಿನಲ್ಲಿ 120 ಓಡಾಟ. ಎರಡೆರಡು ಗಂಟೆಯ ಐದು ಸುತ್ತು, 600 ಓಡಾಟ. ಅದನ್ನು ಹತ್ತು ಗಂಟೆಗೆ ಹಂಚಿದೆ, ಗಂಟೆಗೆ 60, ನಿಮಿಷಕ್ಕೆ ಒಂದು. ಕೇಳಲು ಎಷ್ಟು ಹಿತ!

ಆದರೆ ವಾಹನಗಳು ಹತ್ತು ಗಂಟೆಗೆ ಹಂಚಿಕೊಂಡು ಬರುವುದಿಲ್ಲ. ಮೂರೂ ಮೈದಾನದಲ್ಲಿ ಒಂದೇ ಹೊತ್ತಿಗೆ ಕೊನೆಯ ಸೀಟಿ ಊದಿದರೆ 60 ಹೊರಡುತ್ತವೆ, ಮುಂದಿನ ಸುತ್ತಿನ 60 ಅದೇ ಹೊತ್ತಿಗೆ ಬರುತ್ತವೆ. ಇಪ್ಪತ್ತು ನಿಮಿಷದಲ್ಲಿ 120 ಓಡಾಟ, ಹತ್ತು ಸೆಕೆಂಡಿಗೆ ಒಂದು. ಇಷ್ಟಾಗಿಯೂ ಇದು ಎಲ್ಲರೂ ವಾಹನ ನಿಲ್ಲಿಸಿ ಆಟ ನೋಡುತ್ತಾರೆ ಎಂದುಕೊಂಡಾಗಿನ ಲೆಕ್ಕ. ಮೂರರಲ್ಲೊಬ್ಬರು ಮಗುವನ್ನು ಇಳಿಸಿ ಹೋಗಿ ಆಮೇಲೆ ಕರೆದೊಯ್ಯಲು ಬಂದರೆ ಅವರದ್ದು ಎರಡರ ಬದಲು ನಾಲ್ಕು ಓಡಾಟ. ಒಟ್ಟು 160, ಏಳೂವರೆ ಸೆಕೆಂಡಿಗೆ ಒಂದು. ನನ್ನ ಹಾಳೆಯಲ್ಲಿದ್ದ ಅಂಕಿಯ ಎಂಟು ಪಟ್ಟು. ಸಾಲದ್ದಕ್ಕೆ ರಸ್ತೆಯ ಎಣಿಕೆ ಮಾಡಿಸಿದ್ದು ವಾರದ ನಡುವಿನ ಕೆಲಸದ ದಿನ, ಆಫೀಸಿಗೆ ಹೋಗುವ ಹೊತ್ತಿನಲ್ಲಿ. ಆ ಹೊತ್ತಿಗೆ ಪಾರ್ಕು ಖಾಲಿ ಇರುತ್ತದೆ! ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು, "ಅಲ್ಲಾ ಸ್ವಾಮಿ, ಆಟ ಬಿಡೋ ಹೊತ್ತಿಗೆ ಎಷ್ಟು?" ಎಂದು ಕೇಳಿದರು. ನಾನು ಮತ್ತೆ ಸರಾಸರಿಯನ್ನೇ ಓದಿದೆ.

ಪಾರ್ಕು ತೆರೆದ ಮೊದಲ ಪಂದ್ಯದ ದಿನವೇ ಸಾಲು ಗೇಟು ದಾಟಿ ರಸ್ತೆಗೆ ಬಂತು. ನಿಂತ ಕಾರೊಂದಕ್ಕೆ ನಡುವಿನ ಜಾಗ ಸೇರಿ ಆರೇಳು ಮೀಟರು ಬೇಕು, ಹತ್ತು ಕಾರು ನಿಂತರೆ 60–70 ಮೀಟರು. ಹಿಂದಿದ್ದವರು ಕಾಯದೆ ರಸ್ತೆಯ ಆಚೆ ಬದಿಗೇ ಮಕ್ಕಳನ್ನು ಇಳಿಸಿದರು. ಮಕ್ಕಳು ನಿಂತ ಕಾರುಗಳ ಸಂದಿಯಿಂದ ನುಗ್ಗಿ ದಾಟಿದರು. ಯಾರಿಗೂ ಏನೂ ಆಗಲಿಲ್ಲ. ಅದರಲ್ಲಿ ನನ್ನ ಲೆಕ್ಕದ ಪಾಲು ಏನೂ ಇರಲಿಲ್ಲ. ಆಮೇಲೆ ನಾನು ತಂದ ಯಾವ ಅಂಕಿಯನ್ನೂ ಆ ಬೀದಿಯವರು ನಂಬಲಿಲ್ಲ. ಹೊಸ ಡಾಂಬರನ್ನೇ ಅಗೆದು ದಾಟುವ ಜಾಗ ಕಟ್ಟಬೇಕಾಯಿತು.

ಹಾಗಾಗಿ ಮನವರಿಕೆಯ ಮಾತು ಬಿಡಿ. ನಿವಾಸಿಗಳು ಹೇಳುತ್ತಿರುವುದು ಬಹುಪಾಲು ನಿಜ. ಮೊದಲು ಮುಟ್ಟಬೇಕಾದದ್ದು ರಸ್ತೆಯನ್ನಲ್ಲ, ಪಂದ್ಯಗಳ ವೇಳಾಪಟ್ಟಿಯನ್ನು.

ಮೇಲಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಮೂರು ಮೈದಾನಗಳ ಆರಂಭವನ್ನು 40 ನಿಮಿಷಗಳ ಅಂತರಕ್ಕೆ ಸರಿಸಿ. ಒಂದೊಂದು ಬದಲಾವಣೆಯಲ್ಲಿ 20 ಹೊರಗೆ, 20 ಒಳಗೆ. ಮೂವತ್ತು ಸೆಕೆಂಡಿಗೆ ಒಂದು ಓಡಾಟ. ಪಾರ್ಕಿಂಗಿಗೂ 120ರ ಬದಲು 80 ಜಾಗ ಸಾಕು. ಸಿಮೆಂಟು, ಜಲ್ಲಿ ಏನೂ ಬೇಡ. ಆದರೆ ಇದು ಕೆಡುವುದು ಎರಡು ಕಡೆ. ಒಂದು, ಮುಂದಿನ ತಂಡ ಮೈ ಬಿಸಿ ಮಾಡಿಕೊಳ್ಳಲು ಅರ್ಧ ಗಂಟೆ ಮೊದಲೇ ಬರುತ್ತದೆ. ಹಾಗಾಗಿ ಅಂತರವನ್ನು ಪಂದ್ಯದ ಹೊತ್ತಿನಿಂದಲ್ಲ, ತಂಡ ಬರುವ ಹೊತ್ತಿನಿಂದ ಲೆಕ್ಕ ಹಾಕಿ. ಇನ್ನೊಂದು, ಟೂರ್ನಮೆಂಟು ಬಂದಾಗ ಸಂಘಟಕರು ಒಂದು ಪಂದ್ಯ ಹೆಚ್ಚು ತುರುಕಲು ಅಂತರವನ್ನು ನುಂಗುತ್ತಾರೆ. ಬಾಯಿಮಾತಿನಲ್ಲಿ ಬಿಟ್ಟರೆ ಎರಡನೇ ತಿಂಗಳಿಗೆ ಮಾಯ. ಮೈದಾನ ಬುಕ್ ಮಾಡುವ ಷರತ್ತಿನಲ್ಲೇ ಬರೆಯಿಸಿ.

ಆಮೇಲೆ ಗೇಟು. ತಡೆಗಂಬ ಇಲ್ಲವೇ ಚೀಟಿ ನೋಡುವ ಜಾಗ ರಸ್ತೆಯಂಚಿನಲ್ಲಿ ಬೇಡ; ಕಡೇಪಕ್ಷ 20 ಮೀಟರು ಒಳಗಿರಲಿ, ಮೂರು ಕಾರು ರಸ್ತೆ ಬಿಟ್ಟು ನಿಲ್ಲುವಷ್ಟು. ಮಕ್ಕಳನ್ನು ಇಳಿಸುವ ಜಾಗ ಒಳಗೇ, ಪಾರ್ಕಿಂಗಿನ ಸುತ್ತು ಹೊಡೆಯದೆ ಹೊರಬರುವ ಹಾಗಿರಲಿ. ಇಳಿಸುವವರು ಪಾರ್ಕಿಂಗಿನಲ್ಲಿ ಜಾಗ ಹುಡುಕುವವರ ಹಿಂದೆ ಸಿಕ್ಕಿಕೊಂಡರೆ ಮರುವಾರ ರಸ್ತೆಯಲ್ಲೇ ಇಳಿಸುತ್ತಾರೆ. ನಡೆದು ಬರುವವರಿಗೆ ಬೇರೆ ಗೇಟು, ಅದೂ ಅವರು ಬರುವ ದಿಕ್ಕಿನಲ್ಲೇ. ನಕ್ಷೆಯಲ್ಲಿ ಚಂದ ಕಾಣುವ ಕಡೆ ಇಟ್ಟರೆ ತಿಂಗಳೊಳಗೆ ಬೇಲಿಗೆ ತೂತು ಬಿದ್ದಿರುತ್ತದೆ, ಮಕ್ಕಳು ದಾಟುವುದು ಆ ತೂತಿನ ಎದುರಿಗೆ. ಈ ಗೇಟಿನ ಬಾಯಿಗೆ ಹಿಂದುಮುಂದಾಗಿ ಎರಡು ಅಡ್ಡಕಂಬಿ ಹಾಕಿಸಿ, ಚೆಂಡಿನ ಹಿಂದೆ ಓಡುವ ಮಗು ನೇರ ರಸ್ತೆಗೆ ಬೀಳದಂತೆ. ಗಾಲಿಕುರ್ಚಿ ತಿರುಗಲು ಜಾಗ ಬಿಡಿ. ಗೋಲು ಪೆಟ್ಟಿಗೆಯ ಬೆನ್ನು ರಸ್ತೆಯ ಕಡೆಗಿದ್ದರೆ ಈಗಲೇ ಮೈದಾನ ತಿರುಗಿಸಿ. ಆಗದಿದ್ದರೆ ಎತ್ತರದ ಬಲೆ ಬೇಕೇ ಬೇಕು.

ಇನ್ನು ವೇಗ. ಚಾಲಕ ಕಂಡು ಬ್ರೇಕು ಒತ್ತಲು ಒಂದು ಸೆಕೆಂಡು ಹಿಡಿದರೆ, ಒಣ ರಸ್ತೆಯಲ್ಲಿ 30 ಕಿ.ಮೀ. ವೇಗದ ಕಾರು ಸುಮಾರು 13 ಮೀಟರಿನಲ್ಲಿ ನಿಲ್ಲುತ್ತದೆ. 50ರಲ್ಲಿ ಬರುವ ಕಾರು ಬ್ರೇಕು ಹತ್ತುವ ಮೊದಲೇ ಆ 13 ಮೀಟರು ದಾಟಿರುತ್ತದೆ, ನಿಲ್ಲಲು ಅದಕ್ಕೆ ಸುಮಾರು 28 ಮೀಟರು ಬೇಕು. ಸಭೆಯಲ್ಲಿ ಇದನ್ನು ಬಾಯಲ್ಲಿ ಹೇಳಬೇಡಿ, ರಸ್ತೆಯ ಮೇಲೆ ಟೇಪು ಹಿಡಿದು ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿ.

ಈಗಿನ ವೇಗ ಅಳೆಯಲು ದುಬಾರಿ ಸಾಧನ ಬೇಡ. 50 ಮೀಟರು ಗುರುತು ಹಾಕಿ, ಮೊಬೈಲಿನ ಸ್ಟಾಪ್‌ವಾಚ್ ಹಿಡಿಯಿರಿ. 180ನ್ನು ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ಬರುತ್ತದೆ: 6 ಸೆಕೆಂಡಿಗೆ 30, 4.5ಕ್ಕೆ 40, 3.6ಕ್ಕೆ 50. ಬೆರಳು 0.3 ಸೆಕೆಂಡು ತಡವಾದರೆ 50ರ ಕಾರು 46 ಎಂದು ತೋರಿಸುತ್ತದೆ, ಆದ್ದರಿಂದ ಒಂದೆರಡು ಅಳತೆ ಹಿಡಿದು ಜಗಳಕ್ಕೆ ಹೋಗಬೇಡಿ. ಮುಂದೆ ಅಡ್ಡಿಯಿಲ್ಲದೆ ಬರುವ 100 ವಾಹನ ಅಳೆದು, ನಿಧಾನದಿಂದ ಜೋರಿನವರೆಗೆ ಜೋಡಿಸಿ, 85ನೆಯದನ್ನು ನೋಡಿ. ರಸ್ತೆ ವಿನ್ಯಾಸ ಮಾಡುವವರು ನೋಡುವುದೂ ಅದನ್ನೇ.

ಬರೀ ಸ್ಪೀಡ್ ಬ್ರೇಕರ್ ನನಗೆ ಒಪ್ಪಿಗೆಯಿಲ್ಲ. ಒಂದೋ ಎರಡೋ ಹಾಕಿದರೆ ನಡುವೆ ಎಲ್ಲರೂ ಜೋರಾಗಿ ಎಳೆದು ಮತ್ತೆ ಬ್ರೇಕು ಹಾಕುತ್ತಾರೆ. ಮೊದಲು ಬೇಕೆಂದವರೇ ಸದ್ದು ತಾಳಲಾರದೆ ತೆಗೆಸಿ ಎಂದು ಬರುತ್ತಾರೆ. ಚರಂಡಿಗೆಂದು ಅಂಚಿನಲ್ಲಿ ಬಿಟ್ಟ ಸಂದಿಯಲ್ಲಿ ದ್ವಿಚಕ್ರದವರು ನುಸುಳುತ್ತಾರೆ, ಅದೂ ನಡೆಯುವವರ ಪಕ್ಕದಲ್ಲೇ. ಅದರ ಬದಲು ದಾಟುವ ಜಾಗವನ್ನೇ ಎತ್ತರಿಸಿ. ಸುಮಾರು 100 ಮಿ.ಮೀ. ಎತ್ತರ, ಮೇಲೆ ಕನಿಷ್ಠ 4 ಮೀಟರು ಸಪಾಟು, ಎರಡೂ ಬದಿ 10–15 ಪಾಲಿಗೆ ಒಂದು ಪಾಲು ಏರುವ ಇಳಿಜಾರು, ಫುಟ್‌ಪಾತಿನ ಮಟ್ಟಕ್ಕೆ. ಇಲ್ಲಿ ಎಡವುವುದು ನೀರಿನ ವಿಷಯದಲ್ಲಿ. ಎತ್ತರಿಸಿದ ದಿಬ್ಬ ಅಣೆಕಟ್ಟಿನ ಹಾಗೆ ನೀರು ತಡೆಯುತ್ತದೆ. ಮೇಲ್ಮಗ್ಗುಲಲ್ಲಿ ನೀರು ಒಳಹೋಗುವ ಜಾಲರಿ, ಅಡಿಯಲ್ಲಿ ಕೊಳವೆ ಮೊದಲೇ ಇಡದಿದ್ದರೆ ಮಳೆ ಬಂದಾಗ ಮಕ್ಕಳು ಕೆಸರು ತಪ್ಪಿಸಲು ಬೇರೆ ಕಡೆಯೇ ದಾಟುತ್ತಾರೆ. ನಾವು ಅಗೆದದ್ದು ಇದಕ್ಕೇ.

ದಾಟುವ ಜಾಗಕ್ಕಿಂತ ಹತ್ತು ಮೀಟರು ಮೊದಲಿನಿಂದ ಯಾವ ವಾಹನವೂ ನಿಲ್ಲಬಾರದು. ಮಗು ನಿಂತ ಕಾರಿಗಿಂತ ಗಿಡ್ಡ. ಬಳಿದ ಗೆರೆಯನ್ನು ಯಾರೂ ಲೆಕ್ಕಿಸುವುದಿಲ್ಲ, ಕಂಬ ನೆಡಿಸಿ, ಇಲ್ಲವೇ ಫುಟ್‌ಪಾತನ್ನೇ ಎರಡು ಮೀಟರು ಮುಂದಕ್ಕೆ ಚಾಚಿಸಿ. ಸಂಜೆಯ ಆಟವಿದ್ದರೆ ದೀಪದ ಕಂಬ ದಾಟುವ ಜಾಗದ ನೆತ್ತಿಯ ಮೇಲೆ ಬೇಡ, ವಾಹನ ಬರುವ ಕಡೆಗೆ ತುಸು ಮೊದಲು ಇರಲಿ; ಆಗ ಚಾಲಕನಿಗೆ ಕಾಣುವ ಮೈಬದಿ ಬೆಳಗುತ್ತದೆ, ಇಲ್ಲದಿದ್ದರೆ ಬರೀ ಕಪ್ಪು ಆಕಾರ. ಮೈದಾನದ ದೊಡ್ಡ ದೀಪಗಳು ರಸ್ತೆಯವರ ಕಣ್ಣಿಗೆ ಹೊಡೆಯದಂತೆ ಮರೆ ಹಾಕಿಸಿ. "ಮಕ್ಕಳಿದ್ದಾರೆ ಎಚ್ಚರಿಕೆ" ಫಲಕಕ್ಕೆ ಹಣ ಸುರಿಯಬೇಡಿ. ದಿನವೂ ಕಂಡು ಒಂದು ಮಗುವೂ ಕಾಣದ ಚಾಲಕನಿಗೆ ಅದು ಗೋಡೆಯ ಬಣ್ಣವಿದ್ದಂತೆ.

ಸಭೆಯ ವಿಷಯ. ಸಭಾಂಗಣದಲ್ಲಿ ಕೂರಿಸಿದರೆ ಗಂಟಲು ದೊಡ್ಡವರದ್ದೇ ನಡೆಯುತ್ತದೆ. ಹತ್ತಿರದ ಬೇರೆ ಮೈದಾನವೊಂದಕ್ಕೆ, ಆಟ ಬಿಡುವ ಹೊತ್ತಿಗೆ, ಐದಾರು ಜನರನ್ನು ಕರೆದೊಯ್ಯಿರಿ. ಬಂದ ಮೇಲೆ ನಿಮ್ಮ ಬೀದಿಯ ನಕ್ಷೆ ಕೊಟ್ಟು ಎಲ್ಲೆಲ್ಲಿ ಎದೆ ಝಲ್ಲೆನ್ನುತ್ತದೆ ಎಂದು ಗುರುತು ಹಾಕಿಸಿ. "ಟ್ರಾಫಿಕ್" ಎನ್ನುವ ಒಂದೇ ಮಾತಿನಲ್ಲಿ ಮೂರು ದೂರು ಅಡಗಿರುತ್ತವೆ: ವೇಗ, ಮನೆ ಗೇಟಿಗೆ ಅಡ್ಡ ನಿಲ್ಲುವ ವಾಹನ, ಸದ್ದು. ಎರಡನೆಯದನ್ನು ದಿಬ್ಬ ಬಗೆಹರಿಸುವುದಿಲ್ಲ, ಅದಕ್ಕೆ ಪಂದ್ಯದ ದಿನ ಜಾಕೆಟ್ ಹಾಕಿದ ಇಬ್ಬರು ಸ್ವಯಂಸೇವಕರು ಬೇಕು.

ತೆರೆದ ಒಂದು ತಿಂಗಳಿಗೆ, ಆರು ತಿಂಗಳಿಗೆ ಮತ್ತೆ ಅಳೆಯುತ್ತೇವೆ, 85ನೆಯ ವಾಹನದ ವೇಗ 30 ಮೀರಿದ್ದರೆ ಇಂಥ ಕೆಲಸ ಮಾಡುತ್ತೇವೆ ಎಂದು ಈಗಲೇ ಬರೆದುಕೊಡಿ. ಎಣಿಸುವ ಹಾಳೆಯಲ್ಲಿ ಗಂಟೆಯ ಖಾನೆ ಹಾಕಬೇಡಿ, ಐದು ನಿಮಿಷದ್ದು ಹಾಕಿ: ಒಳಗೆ, ಹೊರಗೆ, ರಸ್ತೆಯಲ್ಲೇ ಇಳಿಸಿದವರು, ನಡೆದು ದಾಟಿದವರು. ಕೊನೆಯ ಸೀಟಿಗೆ ಅರ್ಧ ಗಂಟೆ ಮೊದಲು ಶುರು ಮಾಡಿ, ಅರ್ಧ ಗಂಟೆ ಆದ ಮೇಲೆ ನಿಲ್ಲಿಸಿ. ಹಾಳೆಯ ಒಂದು ಪ್ರತಿಯನ್ನು ಹಿಂದಿನ ಸಾಲಿನಲ್ಲಿ ಕೂತವರ ಕೈಗೇ ಕೊಟ್ಟು ಅವರಿಂದಲೂ ಎಣಿಕೆ ಮಾಡಿಸಿ.