ಒಂದು ತೊಟ್ಟೂ ಕಡಿಮೆ ಆಗಿರುವುದಿಲ್ಲ

ಮಾರ್ಚ್ ಮುಗಿಯುತ್ತಾ ಬಂದರೆ ಮಡಿಕೇರಿಯ ನನ್ನ ಆಪ್ತಸಲಹೆಯ ಕೋಣೆಗೆ ಒಂದಾದರೂ ಮನೆಯವರು, ಮಕ್ಕಳು ದೇವರನ್ನು ಬಿಟ್ಟರು ಎಂಬ ಸಂಕಟ ಹೇಳಿಕೊಂಡು ಬರುತ್ತಾರೆ. ಮಾರ್ಚ್ 23 ನಾಸ್ತಿಕರ ದಿನ. ದೇವರನ್ನು ನಂಬದವರು ಬೇರೆ ಬೇರೆ ದೇಶಗಳಲ್ಲಿ ಆ ದಿನ 'ನಾವೂ ಇದ್ದೇವೆ' ಎಂದು ಹೇಳಿಕೊಳ್ಳುತ್ತಾರೆ. ಬೆಂಗಳೂರಲ್ಲಿರುವ ಮಗನೋ ಮಗಳೋ ಅವತ್ತು ವಾಟ್ಸಾಪ್ ಸ್ಟೇಟಸ್ ಹಾಕುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ಸರಿಯಾಗಿ ಬಿತ್ತಾ ಇಲ್ವಾ ಎಂಬ ಚಿಂತೆಯಲ್ಲಿರುವ ಅಪ್ಪ ಅಮ್ಮನಿಗೆ ಅದು ನೆಂಟರ ಬಾಯಿಂದ ತಿಳಿಯುತ್ತದೆ. ಆಮೇಲೆ ನನಗೆ ಫೋನ್.

ಈ ಮನೆಯವರು ವಿರಾಜಪೇಟೆ ಕಡೆಯವರು, ಕೊಡವರು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗನಿಗೆ ಇಪ್ಪತ್ತೇಳು, ಒಳ್ಳೆಯ ಕೆಲಸ. ಅವನು ಹಾಕಿದ್ದು ಭಗತ್ ಸಿಂಗ್ ಚಿತ್ರ. 1931ರಲ್ಲಿ ಭಗತ್ ಸಿಂಗ್‌ನನ್ನು ಲಾಹೋರಿನಲ್ಲಿ ಗಲ್ಲಿಗೇರಿಸಿದ್ದೂ ಮಾರ್ಚ್ 23ರಂದೇ. ಹಾಗಾಗಿ ಸೈನ್ಯದಿಂದ ನಿವೃತ್ತರಾದ ದೊಡ್ಡಪ್ಪ ಮೊದಲು ಸೆಲ್ಯೂಟ್ ಕಳಿಸಿದರಂತೆ. ಕೆಳಗಿನ ಸಾಲು ಓದಿದ್ದು ಆಮೇಲೆ. 'ಇವನು ನಾಸ್ತಿಕನಾಗಿದ್ದ. ನಾನೂ ಅಷ್ಟೆ.'

ತಾಯಿ ಮೊದಲು ಒಬ್ಬರೇ ಬಂದರು. "ಏನಾದರೂ ಟ್ರೀಟ್‌ಮೆಂಟ್ ಉಂಟಾ ಮೇಡಂ?" ಎಂದು ಕೇಳಿದರು. ಯಾರೋ ಏನೋ ಮಾಡಿಸಿದ್ದಾರೆ, ತೆಗೆಸಬೇಕು ಎಂದು ಅತ್ತಿಗೆ ಹೇಳುತ್ತಿದ್ದಾರಂತೆ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. ದೇವರನ್ನು ನಂಬದಿರುವುದು ಮಾನಸಿಕ ರೋಗಗಳ ಯಾವ ಪಟ್ಟಿಯಲ್ಲೂ ಇಲ್ಲ. ಹುಡುಗ ನಿದ್ದೆ ಮಾಡುತ್ತಾನಾ, ಊಟ ಸರಿ ಇದೆಯಾ, ಗೆಳೆಯರು ಇದ್ದಾರಾ ಎಂದೆಲ್ಲ ಕೇಳಿಕೊಂಡೆ. ಎಲ್ಲ ಚೆನ್ನಾಗಿಯೇ ಇತ್ತು. ಹಾಗಿದ್ದ ಮೇಲೆ ನಾನು ಸರಿಮಾಡಬೇಕಾದದ್ದು ಏನೂ ಇಲ್ಲ. ಸಂವಿಧಾನದ 25ನೇ ವಿಧಿ ಮೊದಲು ಹೇಳುವುದೇ ಮನಸ್ಸಾಕ್ಷಿಯ ಸ್ವಾತಂತ್ರ್ಯದ ಬಗ್ಗೆ. ಅದು ಗುಡಿಗೆ ಹೋಗುವವರಿಗೆ ಮಾತ್ರ ಕೊಟ್ಟದ್ದಲ್ಲ. ಇದನ್ನು ಹೇಳುವ ನಾನು ಪ್ರತಿದಿನ ಸಂಜೆ ದೀಪ ಹಚ್ಚುವವಳು. ಅದನ್ನೂ ಅವರಿಗೆ ಹೇಳಿದೆ.

ಹುಡುಗ ಬಂದದ್ದು ಏಪ್ರಿಲ್‌ನಲ್ಲಿ, ವಾದಕ್ಕೆ ಪೂರ್ತಿ ತಯಾರಾಗಿ. ಮಾಟದ ಮಾತು ಅವನಿಗೆ ತುಂಬಾ ಚುಚ್ಚಿತ್ತು. ಅಮೆರಿಕದಲ್ಲಿ ಅಕ್ಟೋಬರ್ 12ನ್ನು ಮುಕ್ತ ಚಿಂತನೆಯ ದಿನ ಎಂದು ಆಚರಿಸುವವರಿದ್ದಾರೆ, ಯಾಕೆ ಗೊತ್ತಾ ಎಂದ. ಸೇಲಂ ಎಂಬ ಊರಲ್ಲಿ 1692ರಲ್ಲಿ ಮಾಟಗಾತಿಯರ ವಿಚಾರಣೆ ನಡೆಯಿತು. 'ಅವಳ ಛಾಯೆ ಬಂದು ನನಗೆ ಕಾಟ ಕೊಟ್ಟಿತು' ಎಂದು ಯಾರಾದರೂ ಹೇಳಿದರೆ ಕೋರ್ಟಿನಲ್ಲಿ ಅದೂ ಸಾಕ್ಷಿ. 19 ಜನರನ್ನು ಗಲ್ಲಿಗೇರಿಸಿದರು. ಅಂಥ ಸಾಕ್ಷಿಯಿಂದ ಆದ ಅನಾಹುತದ ಬಗ್ಗೆ ಅಲ್ಲಿನ ಗವರ್ನರ್ ಇಂಗ್ಲೆಂಡಿಗೆ ಪತ್ರ ಬರೆದದ್ದು ಅಕ್ಟೋಬರ್ 12ರಂದು. "ನಮ್ಮ ಅತ್ತೆಯ ಹತ್ತಿರ ಇರುವುದೂ ಅದೇ ಸಾಕ್ಷಿ ಮೇಡಂ" ಎಂದ. ನನಗೆ ನಗು ಬಂತು. ಅವನ ಮಾತಲ್ಲಿ ತಪ್ಪೇನೂ ಇರಲಿಲ್ಲ.

ಮೇ ತಿಂಗಳಲ್ಲಿ ತಂದೆಯನ್ನೂ ಕೂರಿಸಿಕೊಂಡೆ. ಅವರು ಹೆಚ್ಚು ಮಾತಿನವರಲ್ಲ. ಹುಡುಗ ಅರ್ಧ ಗಂಟೆ ಮಾತಾಡಿದ. ವಿಜ್ಞಾನ, ಜಾತಿ, ಕಾಣಿಕೆ ಹುಂಡಿ ಎಲ್ಲ ಬಂತು. ತಂದೆ ಕಿಟಕಿ ಕಡೆ ನೋಡುತ್ತಾ ಕೂತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು, "ನೀನು ದೇವರನ್ನು ಬಿಟ್ಟದ್ದಕ್ಕೆ ನನಗೇನೂ ಇಲ್ಲ. ನಾನು ಹೋದ ಮೇಲೆ ನನಗೆ ಮೀದಿ ಇಡುವವರು ಯಾರು?"

ನಾನು ಈ ಜಿಲ್ಲೆಗೆ ಮದುವೆಯಾಗಿ ಬಂದವಳು. ಮೀದಿ ಎಂದರೆ ಹಬ್ಬದ ದಿನ ಗುರುಕಾರೋಣರಿಗೆ, ಅಂದರೆ ಒಕ್ಕದ (ಕುಲದ) ತೀರಿಹೋದ ಹಿರಿಯರಿಗೆ, ಐನ್‌ಮನೆ ಎಂಬ ಮೂಲಮನೆಯಲ್ಲಿ ಎಲೆ ಹಾಕಿ ಊಟ, ಮಾಂಸ, ಮದ್ಯ ಇಡುವುದು ಎಂದು ಗೊತ್ತಿತ್ತು. ಆದರೆ ಈ ಜಗಳದ ಒಳಗೆ ಅದು ಇದೆ ಎಂದು ಹೊಳೆದಿರಲಿಲ್ಲ. ಎರಡು ಸಲ ಇಡೀ ಮನೆಯ ಕಥೆ ಕೇಳಿದ್ದೆ. ದೇವರ ಬಗ್ಗೆ ಕೇಳಿದೆ, ಹಿರಿಯರ ಬಗ್ಗೆ ಕೇಳಲೇ ಇಲ್ಲ. ಅದು ನನ್ನ ತಪ್ಪು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ನಂಬಿಕೆ ಇಲ್ಲದೆ ಇಟ್ಟರೆ ಅದು ಸುಳ್ಳಲ್ವಾ ಅಪ್ಪ?"

"ನನಗೆ ನಂಬಿಕೆ ಉಂಟು ಅಂತ ನಿನಗೆ ಯಾರು ಹೇಳಿದ್ದು?" ಎಂದರು ತಂದೆ. "ನನ್ನ ಅಪ್ಪನಿಗೆ ಮೂವತ್ತು ವರ್ಷದಿಂದ ಬ್ರಾಂಡಿ ಇಡ್ತಿದ್ದೇನೆ. ತೆಗೆಯುವಾಗ ನೋಡ್ತೇನೆ. ಒಂದು ತೊಟ್ಟೂ ಕಡಿಮೆ ಆಗಿರುವುದಿಲ್ಲ. ನನಗೆ ಕಣ್ಣಿಲ್ವಾ? ವರ್ಷಕ್ಕೊಂದು ದಿನ ಅಪ್ಪನಿಗೆ ಒಂದು ಗ್ಲಾಸ್ ಹಾಕುವುದು, ಅಷ್ಟೆ."

ಆ ದಿನ ಮತ್ತೆ ಯಾರೂ ಹೆಚ್ಚು ಮಾತಾಡಲಿಲ್ಲ.

ಮುಂದಿನ ಸಲ ನಾನು ಹುಡುಗನಿಗೆ ಹೇಳಿದ್ದು ಇಷ್ಟು. ನಾಸ್ತಿಕ ಎಂಬುದನ್ನು ಮುಚ್ಚಿಡಬೇಡ. ಸ್ಟೇಟಸ್ ತೆಗೆ ಎಂದೂ ಹೇಳುವುದಿಲ್ಲ. ಆದರೆ ಐನೂರು ಜನಕ್ಕೆ ಹೇಳುವ ಮೊದಲು ಇಬ್ಬರಿಗೆ ಎದುರು ಕೂತು ಹೇಳಬೇಕಿತ್ತು. ದಿನಾಚರಣೆ ಇರುವುದು ಒಂಟಿಯಾಗಿರುವವರಿಗೆ ಧೈರ್ಯ ಬರಲಿ ಎಂದು. ಮನೆಯವರಿಗೆ ನೋಟಿಸ್ ಅಂಟಿಸುವುದಕ್ಕಲ್ಲ. ಇನ್ನು ಮನೆಯ ಕೆಲಸಗಳಲ್ಲಿ ಯಾವುದಕ್ಕೆ ನಿನ್ನ ಮನಸ್ಸು ಒಪ್ಪುತ್ತದೆ, ಯಾವುದಕ್ಕೆ ಇಲ್ಲ, ಒಂದೊಂದಾಗಿ ಯೋಚಿಸು. ಎಲ್ಲವನ್ನೂ ಒಂದೇ ಗಂಟು ಕಟ್ಟಿ ಎಸೆಯಬೇಡ. ತಂದೆ ತಾಯಿಗೆ ಹೇಳಿದ್ದು: ಅವನು ಯಾವುದಕ್ಕೆ ಇಲ್ಲ ಅನ್ನುತ್ತಾನೋ ಅದಕ್ಕೆ ಮತ್ತೆ ಮತ್ತೆ ಕರೆಯಬೇಡಿ. ಅತ್ತಿಗೆಯ ಮಂತ್ರವಾದಿ ಮಾತ್ರ ಬೇಡವೇ ಬೇಡ.

ಈ ಸಲಹೆಗೆ ಎರಡೂ ಕಡೆಯಿಂದ ಬೈಸಿಕೊಂಡಿದ್ದೇನೆ. ಹೆಸರು ಹೇಳದೆ ಈ ಪ್ರಕರಣ ವಿವರಿಸಿದಾಗ ವಿಚಾರವಾದಿ ಗೆಳೆಯರೊಬ್ಬರು, ಹುಡುಗನನ್ನು ಹಿಂಬಾಗಿಲಿಂದ ಪೂಜೆಗೆ ಕಳಿಸಿದ್ದೀಯ ಎಂದರು. ನೆರೆಮನೆಯ ಹಿರಿಯರು, ನೀನು ಮಕ್ಕಳನ್ನು ಕೆಡಿಸುತ್ತೀಯ ಎಂದರು. ಗೆಳೆಯರ ಮಾತು ನನ್ನನ್ನು ಸ್ವಲ್ಪ ಕಾಡಿತು, ಸುಳ್ಳು ಹೇಳುವುದಿಲ್ಲ. ಮೀದಿ ಇಡು ಎಂದು ನಾನು ಹೇಳಿರಲಿಲ್ಲ. ಆದರೆ ತಂದೆಯ ಆ ಮಾತು ಕೇಳಿದ ಮೇಲೆ ಹುಡುಗನಿಗೆ ಇಲ್ಲ ಅನ್ನುವುದು ಕಷ್ಟ ಎಂದು ನನಗೆ ಗೊತ್ತಿತ್ತಲ್ವಾ? ಒಪ್ಪಿಗೆಗೂ ಮುಲಾಜಿಗೂ ನಡುವಿನ ಗೆರೆ ಮನೆಯ ಒಳಗೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಒಂದೊಂದಾಗಿ ಯೋಚಿಸು ಎಂದದ್ದು. ಇವತ್ತೂ ಅದನ್ನೇ ಹೇಳುತ್ತೇನೆ.

ಸೆಪ್ಟೆಂಬರ್‌ನಲ್ಲಿ ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್‌ಗೆ ಹುಡುಗ ಬಂದಿದ್ದ. ದೀಪಕ್ಕೆ ಕೈ ಮುಗಿಯಲಿಲ್ಲ. ಯಾರೂ ಕೇಳಲಿಲ್ಲ. ತಾತನ ಗ್ಲಾಸಿಗೆ ಬ್ರಾಂಡಿ ಹಾಕಿದ್ದು ಅವನೇ. ಜಾಸ್ತಿ ಹಾಕಿದ ಎಂದು ತಂದೆ ಫೋನಲ್ಲಿ ದೂರು ಹೇಳಿದರು.

ಸುಗ್ಗಿ ಹಬ್ಬ ಪುತ್ತರಿಗೆ ಬರಲಿಲ್ಲ. ಆಫೀಸಲ್ಲಿ ರಜೆ ಇಲ್ಲ ಎಂದನಂತೆ. "ನಿಜವಾಗಿ ರಜೆ ಸಿಗಲಿಲ್ವಾ ಮೇಡಂ, ಅಥವಾ ಮತ್ತೆ ಅದೇ ವಿಷಯವಾ?" ಎಂದು ತಂದೆ ನನ್ನನ್ನು ಕೇಳಿದರು. ಅವನನ್ನೇ ಕೇಳಿ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, ಈ ಸಲ ಕಾಫಿ ಬೇಗ ಹಣ್ಣಾಗಿದೆ, ಕುಯ್ಯಲು ಜನ ಸಿಗ್ತಿಲ್ಲ ಎಂದು ಬೇರೆ ಮಾತು ತೆಗೆದರು.