ಕ್ಯಾಲ್ಸಿಯಂ ಕೊಟ್ಟರೂ ಪೊಟ್ಯಾಸಿಯಂ ಏಕೆ ಇಳಿಯಲಿಲ್ಲ?

ಪ್ರಶ್ನೆ: ನಮ್ಮ ತಂದೆಯವರಿಗೆ ಮೂತ್ರಪಿಂಡದ ಕಾಯಿಲೆ ಇದೆ. ಕಳೆದ ತಿಂಗಳು ಕೈಕಾಲು ಸೋತು ಆಸ್ಪತ್ರೆಗೆ ಸೇರಿಸಿದಾಗ ರಕ್ತದ ಪೊಟ್ಯಾಸಿಯಂ 7.2 ಇತ್ತು. ಇಸಿಜಿ ನೋಡಿದ ಕೂಡಲೇ ವೈದ್ಯರು ಕ್ಯಾಲ್ಸಿಯಂ ಚುಚ್ಚುಮದ್ದು ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಪೊಟ್ಯಾಸಿಯಂ 7.1. ಆದರೂ ‘ಹೃದಯ ಈಗ ವಾಸಿ’ ಎಂದರು. ಪೊಟ್ಯಾಸಿಯಂ ಇಳಿಯದೆ ಹೃದಯ ಸುಧಾರಿಸುವುದು ಹೇಗೆ?

ಉತ್ತರ: ಕ್ಯಾಲ್ಸಿಯಂ ನಿಮ್ಮ ತಂದೆಯವರ ರಕ್ತದಿಂದ ಪೊಟ್ಯಾಸಿಯಂನ ಒಂದು ಕಣವನ್ನೂ ತೆಗೆದಿಲ್ಲ. ತೆಗೆಯಲೆಂದು ಅದನ್ನು ಕೊಟ್ಟದ್ದೂ ಅಲ್ಲ.

ಮೈಯಲ್ಲಿರುವ ಪೊಟ್ಯಾಸಿಯಂನಲ್ಲಿ ನೂರಕ್ಕೆ 98 ಪಾಲು ಜೀವಕೋಶಗಳ ಒಳಗೇ ಇರುತ್ತದೆ. ಒಳಗೆ ಲೀಟರಿಗೆ ಸುಮಾರು 140 ಮಿಲಿಮೋಲ್. ಹೊರಗಿನ ದ್ರವದಲ್ಲಿ 3.5ರಿಂದ 5. ಹೊರಗಿನ 4 ಏರಿ 8 ಆದರೆ 140ರ ಮುಂದೆ ಅದೇನು ಮಹಾ ಎನ್ನಿಸುತ್ತದೆ. ಆದರೆ ಕೋಶದ ಪೊರೆಗೆ ಲೆಕ್ಕಕ್ಕೆ ಬರುವುದು ಅನುಪಾತ. 35 ಪಟ್ಟು ಇದ್ದದ್ದು ಹದಿನೇಳೂವರೆ ಪಟ್ಟಿಗೆ ಬಂತು! ಹೃದಯದ ಸ್ನಾಯುಕೋಶ ವಿಶ್ರಾಂತಿಯಲ್ಲಿದ್ದಾಗ ಅದರ ಒಳಭಾಗ ಹೊರಗಿಗಿಂತ ಸುಮಾರು 90 ಮಿಲಿವೋಲ್ಟ್ ಋಣವಾಗಿರುತ್ತದೆ. ಹೊರಗಿನ ಪೊಟ್ಯಾಸಿಯಂ ಇಮ್ಮಡಿಯಾದರೆ ಅದರಲ್ಲಿ ಹದಿನೈದು ಹದಿನೆಂಟು ಮಿಲಿವೋಲ್ಟ್ ಸೋರಿಹೋಗುತ್ತದೆ.

ಸೋರಿದರೆ ಏನಾಯಿತು? ಪ್ರತಿ ಮಿಡಿತದ ಕಿಡಿ ಹೊತ್ತಿಸುವುದು ಕೋಶದೊಳಗೆ ನುಗ್ಗುವ ಸೋಡಿಯಂ. ಅದು ನುಗ್ಗುವ ದ್ವಾರಗಳು ಒಮ್ಮೆ ತೆರೆದು ಮುಚ್ಚಿದ ಮೇಲೆ, ಪೊರೆ ಚೆನ್ನಾಗಿ ಋಣವಾಗುವವರೆಗೆ ಚಿಲಕ ತೆಗೆಯುವುದಿಲ್ಲ. ಪೊರೆ ಅರ್ಧಂಬರ್ಧ ಋಣವಾಗಿ ಉಳಿದರೆ ಹಲವು ದ್ವಾರಗಳು ಮುಚ್ಚಿಯೇ ಇರುತ್ತವೆ. ಕಿಡಿ ಮಂಕಾಗುತ್ತದೆ, ಕೋಶದಿಂದ ಕೋಶಕ್ಕೆ ತೆವಳಿಕೊಂಡು ಹೋಗುತ್ತದೆ. ಇಸಿಜಿಯಲ್ಲಿ ಹೃದಯದ ಮೇಲಿನ ಕೋಣೆಗಳ ಕಿಡಿಯನ್ನು ತೋರುವ ಪಿ ಅಲೆ ಚಪ್ಪಟೆಯಾಗಿ, ಕೆಳಗಿನ ಕೋಣೆಗಳ ಕಿಡಿಯನ್ನು ತೋರುವ ಕ್ಯೂಆರ್‌ಎಸ್ ಅಗಲವಾಗುವುದು ಇದರಿಂದಲೇ. ಸಾಮಾನ್ಯವಾಗಿ ಇವಕ್ಕೂ ಮೊದಲೇ ಕೆಳಗಿನ ಕೋಣೆಗಳ ಚೇತರಿಕೆಯನ್ನು ತೋರುವ ಟಿ ಅಲೆ ಡೇರೆಯಂತೆ ಚೂಪಾಗಿ ಎದ್ದಿರುತ್ತದೆ. ಅದರ ಕಾರಣ ಸ್ವಲ್ಪ ವಿಚಿತ್ರ. ಹೊರಗೆ ಪೊಟ್ಯಾಸಿಯಂ ಹೆಚ್ಚಿದಷ್ಟೂ ಅದನ್ನು ಹೊರಬಿಡುವ ಒಂದು ಬಗೆಯ ದ್ವಾರ ಇನ್ನೂ ಚುರುಕಾಗುತ್ತದೆ, ಕೋಶ ಬೇಗ ಬೇಗ ಚೇತರಿಸಿಕೊಳ್ಳುತ್ತದೆ. ಪೊಟ್ಯಾಸಿಯಂ ತೀರ ಕಡಿಮೆಯಾದಾಗ ಚೇತರಿಕೆ ನಿಧಾನವಾಗಿ, ಟಿ ತಗ್ಗಿ, ಅದರ ಬೆನ್ನಿಗೆ ಯು ಎಂಬ ಅಲೆ ಕಾಣಿಸಿಕೊಳ್ಳುತ್ತದೆ. ಅದೂ ಅಪಾಯವೇ.

ಇನ್ನು ಕ್ಯಾಲ್ಸಿಯಂ. ನಾನು ಮೊದಲ ವರ್ಷದ ವೈದ್ಯಕೀಯ ವಿದ್ಯಾರ್ಥಿಗಳಿಗೆ ಕಪ್ಪೆಯ ಹೃದಯದ ಪ್ರಯೋಗ ಮಾಡಿಸುತ್ತಿದ್ದ ಕಾಲದಲ್ಲಿ ಮಸಿ ಹಿಡಿಸಿದ ಕಾಗದ ಸುತ್ತಿದ ಉರುಳೆಯ ಮೇಲೆ ಮಿಡಿತವನ್ನು ಸೂಜಿ ಗೀಚುತ್ತಿತ್ತು. ಪೊಟ್ಯಾಸಿಯಂ ಕ್ಲೋರೈಡಿನ ಕೆಲವು ಹನಿ ಬಿಟ್ಟರೆ ಗೀಟುಗಳು ಗಿಡ್ಡವಾಗುತ್ತಾ ಹೋಗಿ ನೇರ ಗೆರೆಯಾಗುತ್ತಿದ್ದವು. ಹೃದಯ ಸಡಿಲಗೊಂಡು, ಉಬ್ಬಿಕೊಂಡೇ ನಿಂತಿರುತ್ತಿತ್ತು. ಹಿಂದಿನ ಸಾಲಿನಿಂದ ಯಾರಾದರೂ ‘ಸತ್ತುಹೋಯಿತೇ ಸರ್?’ ಎನ್ನುವುದು ಪ್ರತಿ ವರ್ಷದ ಪದ್ಧತಿ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಲವಣಗಳನ್ನು ಹದವಾಗಿ ಬೆರೆಸಿದ ರಿಂಗರ್ ದ್ರವದಿಂದ ತೊಳೆದರೆ ಮೊದಲು ಒಂದು ಅದುರು, ಆಮೇಲೆ ಇನ್ನೊಂದು, ಮತ್ತೆ ಸೂಜಿ ಕುಣಿಯುತ್ತಿತ್ತು. ಕ್ಯಾಲ್ಸಿಯಂ ಅತಿಯಾದರೆ ಇದಕ್ಕೆ ತದ್ವಿರುದ್ಧ: ಹೃದಯ ಮುಷ್ಟಿ ಕಟ್ಟಿದಂತೆ ಬಿಗಿದು ನಿಲ್ಲುತ್ತದೆ. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ನಲ್ಲಿಯ ನೀರಿನಲ್ಲಿ ಕಲಸಿದ ಉಪ್ಪಿನ ದ್ರವದಲ್ಲಿ ಮಿಡಿಯುವ ಕಪ್ಪೆಯ ಹೃದಯ ಬಟ್ಟಿ ಇಳಿಸಿದ ನೀರಿನ ದ್ರವದಲ್ಲಿ ಸೋಲುವುದನ್ನು ಕಂಡು, ನಲ್ಲಿಯ ನೀರಿನ ಕ್ಯಾಲ್ಸಿಯಂ ಅದಕ್ಕೆ ಕಾರಣ ಎಂದು 1883ರಲ್ಲಿ ಬರೆದ. ಈ ಎರಡು ಲವಣಗಳ ಹಗ್ಗಜಗ್ಗಾಟ ಅಷ್ಟು ಹಳೆಯದು.

ನಿಮ್ಮ ತಂದೆಯವರಿಗೆ ಕೊಟ್ಟ ಚುಚ್ಚುಮದ್ದು ಈ ಹಗ್ಗದ ಇನ್ನೊಂದು ತುದಿಯನ್ನು ಎಳೆಯಿತು: ಪೊಟ್ಯಾಸಿಯಂ ಇದ್ದಷ್ಟೇ ಉಳಿದರೂ ಹೃದಯದ ಮೇಲಿನ ಅದರ ಹಿಡಿತ ಸಡಿಲವಾಯಿತು. ಕೆಲವೇ ನಿಮಿಷಗಳಲ್ಲಿ ಅಗಲವಾದ ಕ್ಯೂಆರ್‌ಎಸ್ ಕಿರಿದಾಗುವುದನ್ನು ಇಸಿಜಿಯಲ್ಲೇ ಕಾಣಬಹುದು. ನಿಮ್ಮ ವೈದ್ಯರು ‘ವಾಸಿ’ ಎಂದದ್ದು ಬಹುಶಃ ಅದನ್ನು ನೋಡಿಯೇ. ಆದರೆ ಇದರ ಪರಿಣಾಮ ಅರ್ಧ ಗಂಟೆಯಿಂದ ಒಂದು ಗಂಟೆ ಮಾತ್ರ. ಆ ಬಿಡುವಿನಲ್ಲಿ ಇನ್ಸುಲಿನ್ ಮತ್ತು ಗ್ಲೂಕೋಸ್ ಕೊಟ್ಟು ಪೊಟ್ಯಾಸಿಯಂ ಅನ್ನು ಕೋಶಗಳೊಳಗೆ ತಳ್ಳುತ್ತಾರೆ. ಮೈಯಿಂದಲೇ ಹೊರಹಾಕಲು ಮೂತ್ರಪಿಂಡ ಕೈಕೊಟ್ಟವರಿಗೆ ಹೆಚ್ಚಾಗಿ ಡಯಾಲಿಸಿಸ್ಸೇ ಬೇಕಾಗುತ್ತದೆ. ಉಪ್ಪಿಗೆ ಬದಲಾಗಿ ಮಾರುವ ‘ಕಡಿಮೆ ಸೋಡಿಯಂ’ ಪುಡಿಗಳಲ್ಲಿ ಹಲವು ಪೊಟ್ಯಾಸಿಯಂ ಕ್ಲೋರೈಡೇ. ಮನೆಯಲ್ಲಿದ್ದರೆ ಇವತ್ತೇ ತೆಗೆದಿಡಿ.

ಪ್ರಶ್ನೆ: ನನಗೆ ಯಾವ ಕಾಯಿಲೆಯೂ ಇಲ್ಲ. ತಪಾಸಣೆಯಲ್ಲಿ ಪೊಟ್ಯಾಸಿಯಂ 6.1 ಬಂತು, ಮತ್ತೆ ಮಾಡಿಸಿದರೆ 4.3. ಯಾವುದನ್ನು ನಂಬಲಿ?

ಉತ್ತರ: ಎರಡನೆಯದನ್ನು. ರಕ್ತ ತೆಗೆಯುವಾಗ ಪಟ್ಟಿ ಬಹಳ ಹೊತ್ತು ಬಿಗಿದಿದ್ದರೆ, ನೀವು ಮುಷ್ಟಿಯನ್ನು ಮತ್ತೆ ಮತ್ತೆ ಹಿಸುಕಿದ್ದರೆ, ಇಲ್ಲವೇ ಕೆಂಪು ರಕ್ತಕಣಗಳು ಒಡೆದಿದ್ದರೆ ಒಳಗಿನ ಪೊಟ್ಯಾಸಿಯಂ ಹೊರಬಂದು ಸುಳ್ಳು ಏರಿಕೆ ತೋರಿಸುತ್ತದೆ. ಆದರೆ ಮರುಪರೀಕ್ಷೆ ಮಾಡಿಸದೆ ‘ಸುಳ್ಳಿರಬೇಕು’ ಎಂದು ಕೂರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪೊಟ್ಯಾಸಿಯಂ ನಿಜಕ್ಕೂ ಏರಿದ್ದಾಗಲೂ ಕೆಲವರ ಇಸಿಜಿ ಸಹಜವಾಗಿಯೇ ಕಾಣುತ್ತದೆ. ನೀವು ಮತ್ತೆ ಮಾಡಿಸಿದ್ದು ಒಳ್ಳೆಯದಾಯಿತು.