ರತ್ನಗಂಬಳಿ ನೇಯಲು ತಿಂಗಳುಗಟ್ಟಲೆ ಯಾಕೆ ಬೇಕು?

ರತ್ನಗಂಬಳಿಯನ್ನು ಕೈಯಲ್ಲಿ ಹೇಗೆ ನೇಯುತ್ತಾರೆ, ಒಂದಕ್ಕೆ ಅಷ್ಟೊಂದು ತಿಂಗಳು ಯಾಕೆ ಹಿಡಿಯುತ್ತದೆ ಅಂತ ಕೇಳಿದ್ದೀರಿ. ನೇಯುವವರ ಪಕ್ಕ ಕೂತು ಕೆಲವು ದಿನ ಗಂಟು ಹಾಕಲು ಕಲಿತಿದ್ದೇನೆ. ಹಾಗಾಗಿ ಗಂಟಿನಿಂದಲೇ ಶುರು ಮಾಡುತ್ತೇನೆ.

ಮಗ್ಗದ ಮೇಲೆ ಹಾಸಿನ, ಅಂದರೆ ಉದ್ದಕ್ಕೆ ಹೋಗುವ, ಎಳೆಗಳನ್ನು ತಂತಿಯಂತೆ ಬಿಗಿಯಾಗಿ ಕಟ್ಟಿರುತ್ತಾರೆ. ಹಾಸು ಹೆಚ್ಚಾಗಿ ಹತ್ತಿಯದ್ದು. ಅಕ್ಕಪಕ್ಕದ ಎರಡು ಎಳೆಗೆ ಬಣ್ಣದ ಉಣ್ಣೆ ನೂಲು ಸುತ್ತಿ, ಕೆಳಕ್ಕೆ ಜಗ್ಗಿ, ಚಾಕುವಿನಿಂದ ಕತ್ತರಿಸಿದರೆ ಒಂದು ಗಂಟು. ನೂಲಿನ ಎರಡೂ ತುದಿ ಆ ಎಳೆಗಳ ನಡುವಿನಿಂದ ಹೊರಬಂದರೆ ಅದು ಟರ್ಕಿ ಗಂಟು. ಒಂದೇ ಎಳೆಗೆ ಪೂರ್ತಿ ಸುತ್ತಿ, ಇನ್ನೊಂದರ ಹಿಂದಿನಿಂದ ಸುಮ್ನೆ ಹಾಯಿಸಿದರೆ ಪರ್ಷಿಯನ್ ಗಂಟು. ಬಳ್ಳಿ, ಹೂವಿನ ಬಳುಕು ಮೂಡಿಸಲು ಇದು ಹೇಳಿ ಮಾಡಿಸಿದ್ದು. ಸೈಬೀರಿಯಾದ ಪಾಜಿರಿಕ್ ಸಮಾಧಿಯಲ್ಲಿ 1949ರಲ್ಲಿ ಒಂದು ಗಂಬಳಿ ಸಿಕ್ಕಿತು. ಎರಡು ಸಾವಿರ ವರ್ಷಕ್ಕೂ ಹಳೆಯದು. ಅದರಲ್ಲೂ ಇರುವುದು ಟರ್ಕಿ ಗಂಟೇ!

ಒಂದು ಸಾಲು ಗಂಟು ಮುಗಿದ ಮೇಲೆ ಹೊಕ್ಕು, ಅಂದರೆ ಅಡ್ಡ ನೂಲು, ಹಾಯಿಸಿ, ಭಾರದ ಹಣಿಗೆಯಿಂದ ಕುಟ್ಟುತ್ತಾರೆ. ಹೊಕ್ಕನ್ನು ಸ್ವಲ್ಪ ಸಡಿಲ ಬಿಡಬೇಕು. ಬಿಗಿಯಾಗಿ ಎಳೆದರೆ ಗಂಬಳಿಯ ಅಂಚು ಒಳಕ್ಕೆ ಸೊರಗಿಬಿಡುತ್ತದೆ. ಕಾಶ್ಮೀರದಲ್ಲಿ ವಿನ್ಯಾಸವನ್ನು ಚಿತ್ರವಾಗಿ ಅಲ್ಲ, 'ತಾಲೀಮ್' ಎಂಬ ಸಂಕೇತ ಲಿಪಿಯಲ್ಲಿ ಬರೆದಿಡುತ್ತಾರೆ. ಯಾವ ಬಣ್ಣ, ಎಷ್ಟು ಗಂಟು ಅಂತ ಒಬ್ಬರು ಓದುತ್ತಾ ಹೋದರೆ ಉಳಿದವರ ಬೆರಳು ಓಡುತ್ತವೆ.

ಈಗ ಲೆಕ್ಕ ಹಾಕಿ. ಒಂದು ಚದರ ಇಂಚಿಗೆ 100 ಗಂಟು ಅಂದುಕೊಳ್ಳಿ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಗಂಬಳಿಗೆ 3,45,600 ಗಂಟು ಬೇಕು. ದಿನಕ್ಕೆ 6,000 ಹಾಕಿದರೂ ಸುಮಾರು 58 ದಿನ, ಅದೂ ಗಂಟಿಗೆ ಮಾತ್ರ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಇರಾನಿನ ಅರ್ದಬೀಲ್ ಗಂಬಳಿಯಲ್ಲಿ ಸುಮಾರು 2.6 ಕೋಟಿ ಗಂಟುಗಳಿವೆ.

ಬಣ್ಣದ ಕೆಲಸ ಇದಕ್ಕೂ ಮೊದಲಿನದು. ಮಂಜಿಷ್ಠದ ಬೇರಿನಿಂದ ಕೆಂಪು, ದಾಳಿಂಬೆ ಸಿಪ್ಪೆಯಿಂದ ಹಳದಿ. ಬಣ್ಣ ಹಿಡಿಯಲೆಂದು ನೂಲನ್ನು ಮೊದಲು ಪಟಿಕದ ನೀರಲ್ಲಿ ನೆನೆಸುತ್ತಾರೆ. ನೀಲಿಯ ಕಥೆಯೇ ಬೇರೆ. ಹಂಡೆಯಿಂದ ಎತ್ತುವಾಗ ನೂಲು ಹಳದಿ ಬೆರೆತ ಹಸಿರು. ಗಾಳಿ ತಾಗಿದ ಹಾಗೆ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಸರವಾಗಿಲ್ಲ. ಒಂದು ಹಂಡೆಯ ಬಣ್ಣ ಇನ್ನೊಂದಕ್ಕೆ ಪೂರ್ತಿ ಹೊಂದುವುದಿಲ್ಲ ಅಲ್ವಾ, ಅದಕ್ಕೇ ಗಂಬಳಿಯಲ್ಲಿ ಅಲ್ಲಲ್ಲಿ ತೆಳು ಪಟ್ಟೆ ಕಾಣುತ್ತದೆ. ಅದನ್ನು ದೋಷ ಅಂದುಕೊಂಡು ಬೇಡ ಅನ್ನಬೇಡಿ.

ಮಗ್ಗದಿಂದ ಇಳಿಸಿದ ಮೇಲೆ ತೊಳೆದು, ಒಣಗಿಸಿ, ಮೇಲ್ಮೈಯನ್ನು ಒಂದೇ ಸಮನಾಗಿ ಕತ್ತರಿಸುತ್ತಾರೆ. ಕೊಳ್ಳುವ ಮುಂಚೆ ಗಂಬಳಿಯನ್ನು ಮಗುಚಿ ನೋಡಿ. ಹಿಂದೆಯೂ ಅದೇ ಚಿತ್ತಾರ, ಒಂದೊಂದು ಗಂಟೂ ಕಾಣಬೇಕು. ಅಂಟು ಹಚ್ಚಿ ಬಟ್ಟೆ ಮೆತ್ತಿದ್ದರೆ ಅದು ಗಂಟು ಹಾಕಿ ನೇಯ್ದದ್ದಲ್ಲ.